ಆರು ಜನ ನೋಡಿಕೊಳ್ಳುತ್ತಿದ್ದ ಕೂಸು

2022ರ ಡಿಸೆಂಬರ್. ಕೊಯ್ಲಿನ ದಿನಗಳು. ಜಗುಲಿಯ ತುಂಬ ಹಸಿ ಅಡಿಕೆಯ ರಾಶಿ. ಅದರ ಸುತ್ತ ಮೆಟ್ಟುಗತ್ತಿ ಹಾಕಿಕೊಂಡು ಅಪ್ಪ, ಆಯಿ (ನನ್ನ ಅಮ್ಮ), ನಾನು, ನನ್ನ ಹೆಂಡತಿ, ಸುಲಿಯಲು ಬಂದ ಇಬ್ಬರು. ಒಟ್ಟು ಆರು ಜನ. ಗೋಡೆಯ ಬದಿಗೆ ಕಂಬಳಿಯ ಮೇಲೆ ನಮ್ಮ ಕೂಸು. ನಮ್ಮಲ್ಲಿ ಹೆಣ್ಣುಮಗುವಿಗೆ ಕೂಸು ಅನ್ನುತ್ತೇವೆ. ಅವಳಿಗೆ ಆಗ ಹತ್ತು ತಿಂಗಳು, ಅಂಬೆಗಾಲು ಶುರುವಾಗಿ ಎರಡು ವಾರ.

ಯಾರೋ ಯಕ್ಷಗಾನದ ಮಾತು ತೆಗೆದಿದ್ದರು. ನಗು ನಡೆದಿತ್ತು. ಅದರ ನಡುವೆ ಒಂದು ಕೆಮ್ಮು. ಸಣ್ಣದು, ಆಮೇಲೆ ಇನ್ನೊಂದು, ಆಮೇಲೆ ಎಡೆಬಿಡದೆ. "ಕೂಸಿನ ಬಾಯಲ್ಲಿ ಎಂತೋ ಇದ್ದು!" ಅಂತ ಆಯಿ ಕೂಗಿದಳು. ಕಂಬಳಿಯ ಮೇಲೆ ಕೂಸು ಇರಲಿಲ್ಲ. ಅಪ್ಪನ ಬೆನ್ನ ಹಿಂದೆ, ಕವಳದ ತಟ್ಟೆಯ, ಅಂದರೆ ಎಲೆಯಡಿಕೆ ತಟ್ಟೆಯ ಹತ್ತಿರ ಕೂತಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ಆಯಿ ಓಡಿ ಬಂದು ಬಾಯಿಗೆ ಬೆರಳು ಹಾಕಲು ಹೋಗುವಷ್ಟರಲ್ಲಿ ಅವಳೇ ಜೋರಾಗಿ ಕೆಮ್ಮಿ ಒಂದು ಅಡಿಕೆ ಹೋಳನ್ನು ನನ್ನ ಅಂಗೈಗೆ ಉಗುಳಿದಳು. ಅರ್ಧ ಇಂಚಿನದ್ದು, ಎಂಜಲಿನಿಂದ ಜಾರುತ್ತಿತ್ತು.

ಆರು ಜೊತೆ ಕಣ್ಣುಗಳಿದ್ದವು. ಕಂಬಳಿಯಿಂದ ತಟ್ಟೆಗೆ ನಾಲ್ಕು ಮಾರು ದೂರ. ಅಷ್ಟು ದೂರ ಅವಳು ಹೋಗಿದ್ದನ್ನು ಒಬ್ಬರೂ ನೋಡಿರಲಿಲ್ಲ. ಯಾಕೆಂದರೆ ಪ್ರತಿಯೊಬ್ಬರೂ ಉಳಿದ ಐವರು ನೋಡುತ್ತಿದ್ದಾರೆ ಅಂದುಕೊಂಡಿದ್ದೆವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಲಗಿದಲ್ಲೇ ಲೆಕ್ಕ ಹಾಕಿದೆ. ನಮ್ಮ ಮನೆಯಲ್ಲಿ ಜನ ಜಾಸ್ತಿ ಇದ್ದಷ್ಟೂ ಕೂಸನ್ನು ನೋಡುವವರು ಕಮ್ಮಿ.

ಮರುದಿನ ಶಿರಸಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಅಂದರು. ಆದರೆ ಒಂದು ಗೊಂಬೆ ಕೈಗೆ ಕೊಟ್ಟು ಹತ್ತು ನಿಮಿಷ ಪಾಠ ಮಾಡಿದರು. ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದಕ್ಕಿಂತ ಒಳ್ಳೆ ಮದ್ದು ಇಲ್ಲ. ಕಣ್ಣಿಗೆ ಕಾಣದ್ದನ್ನು ತೆಗೆಯಲು ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕೆಮ್ಮೂ ಇಲ್ಲ, ಅಳುವೂ ಇಲ್ಲ, ಉಸಿರೂ ಇಲ್ಲ ಅಂತಾದರೆ ತಲೆ ಕೆಳಗಾಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ಮೇಲೆ, ಎರಡು ಹೆಗಲೆಲುಬಿನ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ಹೋಗಲಿಲ್ಲವಾ, ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ವರ್ಷದೊಳಗಿನ ಮಕ್ಕಳಿಗೆ ಹೀಗೆ. ವರ್ಷ ದಾಟಿದ ಮೇಲೆ ಎದೆ ಒತ್ತುವ ಬದಲು ಹೊಟ್ಟೆಯನ್ನು ಹಿಂದಿನಿಂದ ಅಪ್ಪಿ ಮೇಲಕ್ಕೆ ಒತ್ತುವುದು. ಮನೆಗೆ ಬಂದು ದಿಂಬಿನ ಮೇಲೆ ಆಯಿಗೂ ಕಲಿಸಿದೆ. ಅಪ್ಪ ದೂರದಿಂದಲೇ ನೋಡಿದ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಕೆಲಸ ಮಾಡಿದೆ. ಲುಂಗಿ ಎತ್ತಿ ಕಟ್ಟಿ, ಕೈಯಲ್ಲಿ ಟಾರ್ಚ್ ಹಿಡಿದು, ಮಂಡಿಯ ಮೇಲೆ ಇಡೀ ಮನೆ ಸುತ್ತಿದೆ. ಹೆಂಡತಿ ಬಾಗಿಲ ಬಳಿ ನಿಂತು ನಕ್ಕಳು, ಆಮೇಲೆ ಅವಳೂ ಕೂತಳು. ಮೂವತ್ತೈದು ವರ್ಷ ನಾನು ಬೆಳೆದ ಮನೆ ಅದು. ಎರಡಡಿ ಎತ್ತರದಿಂದ ನೋಡಿದರೆ ಬೇರೆಯದೇ ಮನೆ. ಮಂಚದ ಕೆಳಗೆ ಅಪ್ಪನ ಗುಳಿಗೆಯ ಸ್ಟೀಲ್ ಡಬ್ಬಿ. ಅದರ ಮುಚ್ಚಳ ಕೂಸೇ ತೆಗೆಯಬಹುದು, ಅಷ್ಟು ಸಡಿಲ. ಮೇಜಿನ ಬಟ್ಟೆಯ ತುದಿ ಸರಿಯಾಗಿ ನನ್ನ ಮೂಗಿನ ಎದುರು ತೂಗುತ್ತಿತ್ತು, ಅದರ ಮೇಲೆ ಚಹಾ ಥರ್ಮಾಸ್. ಬಾಗಿಲ ಮೂಲೆಯಲ್ಲಿ ಮೆಟ್ಟುಗತ್ತಿಗಳು ಒರಗಿಸಿಟ್ಟಿದ್ದವು, ಅಲಗು ಹೊರಗೆ ಮಾಡಿ. ದೇವರ ಕೋಣೆಯಲ್ಲಿ ಕೆಳಗಿನ ಮಣೆಯ ಮೇಲೆ ಕರ್ಪೂರದ ಡಬ್ಬಿ, ಅದರ ಪಕ್ಕ ಕಲ್ಲುಸಕ್ಕರೆ ಡಬ್ಬಿ. ಎರಡೂ ಒಂದೇ ತರಹದ ಡಬ್ಬಿ, ಎರಡೂ ಒಳಗೆ ಬೆಳ್ಳಗೆ.

ಆ ಕರ್ಪೂರ ನೋಡಿ ನನಗೆ ನಡುಕ ಬಂತು. ಕರ್ಪೂರ ಸಣ್ಣ ಮಕ್ಕಳಿಗೆ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ದಿನಾ ಮಂಗಳಾರತಿ ಆದಮೇಲೆ ಆಯಿ ಕೂಸಿನ ಬಾಯಿಗೆ ಒಂದು ಚೂರು ಕಲ್ಲುಸಕ್ಕರೆ ಹಾಕುತ್ತಿದ್ದಳು. ದೇವರ ಕೋಣೆಯ ಬೆಳ್ಳಗಿನ ತುಂಡು ಸಿಹಿ ಅಂತ ಕೂಸಿಗೆ ನಾವೇ ಕಲಿಸಿಟ್ಟಿದ್ದೆವು.

ಇಷ್ಟಾದ ಮೇಲೂ ನಾನು ಮಾಡಿದ ಮೊದಲ ಕೆಲಸ ದಡ್ಡತನದ್ದು. ಮೊಬೈಲಿನಲ್ಲಿ ಹುಡುಕಿ 1,850 ರೂಪಾಯಿಯ ಒಂದು ಕಿಟ್ ತರಿಸಿದೆ. ಮೂಲೆಗೆ ಅಂಟಿಸುವ ರಬ್ಬರು, ಕಪಾಟಿನ ಪಟ್ಟಿ, ಡ್ರಾಯರಿನ ಲಾಕು, ಪ್ಲಗ್ಗಿನ ಮುಚ್ಚಳ. ಫ್ಲ್ಯಾಟಿನಲ್ಲಿ ಇರುವವರಿಗೆ ಒಳ್ಳೆಯದೇ ಇರಬಹುದು. ನಮ್ಮ ಮನೆಯ ಬಾಗಿಲು, ಕಪಾಟು ಎಲ್ಲ ಹಳೇ ಮರದ್ದು, ಎಣ್ಣೆ ಕುಡಿದು ಕುಡಿದು ಕರ್ರಗಾದದ್ದು. ಅದರ ಮೇಲೆ ಅಂಟು ಕೂರುವುದೇ ಇಲ್ಲ. ಕೂತದ್ದೂ ಜೂನ್ ತಿಂಗಳ ಜಡಿಮಳೆಯ ತಂಪಿಗೆ ಒಂದೊಂದೇ ಬಿಟ್ಟುಕೊಂಡಿತು. ಮೂಲೆಯ ರಬ್ಬರನ್ನು ಕೂಸು ಎರಡೇ ದಿನದಲ್ಲಿ ಕಿತ್ತು ಜಗಿಯುತ್ತಿದ್ದಳು. ಪ್ಲಗ್ಗಿನ ಮುಚ್ಚಳದ ವಿಷಯ ಆಮೇಲೆ ಹೇಳುತ್ತೇನೆ.

ಗಂಟಲಿಗೆ ಸಿಕ್ಕುವ ವಸ್ತು ಯಾವುದು, ಸಿಕ್ಕದಿರುವುದು ಯಾವುದು ಅಂತ ಅಳೆಯಲು ಟಾಯ್ಲೆಟ್ ಪೇಪರಿನ ಒಳಗಿನ ರಟ್ಟಿನ ಕೊಳವೆ ಬಳಸಿ ಅಂತ ಎಲ್ಲ ಕಡೆ ಹೇಳುತ್ತಾರೆ. ಅದರಲ್ಲಿ ತೂರುವುದೆಲ್ಲ ಮೂರು ವರ್ಷದೊಳಗಿನ ಮಕ್ಕಳಿಗೆ ಅಪಾಯ. ನಮ್ಮ ಹಳ್ಳಿಯಲ್ಲಿ ಆ ಕೊಳವೆಗೆ ಎಲ್ಲಿಗೆ ಹೋಗುವುದು? ತೋಟಕ್ಕೆ ನೀರು ಬಿಡುವ ಒಂದೂಕಾಲು ಇಂಚಿನ ಪಿವಿಸಿ ಪೈಪಿನ ತುಂಡು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಒಳಗಿನ ಅಗಲ ಹೆಚ್ಚುಕಮ್ಮಿ ಅಷ್ಟೇ. ಗೇಣುದ್ದ ಕೊಯ್ದು ಕಿಸೆಯಲ್ಲಿ ಇಟ್ಟುಕೊಂಡೆ. ಒಂದು ವಾರ ನಾನು ಸಿಕ್ಕಿದ್ದನ್ನೆಲ್ಲ ಅದರೊಳಗೆ ಹಾಕಿ ನೋಡುವವನಾದೆ. ಅಡಿಕೆ ತೂರಿತು. ಚೆನ್ನೆಮಣೆಯ ಕಾಯಿಗಳು ಸರಸರ ಇಳಿದವು. ದ್ರಾಕ್ಷಿ, ನೆಲಗಡಲೆ, ಹಲಸಿನ ಬೇಳೆ, ಬೆಲ್ಲದ ಅಚ್ಚಿನ ಚೂರು. ರಿಮೋಟಿನಿಂದ ಬಿದ್ದ ಬಿಲ್ಲೆ ಸೆಲ್ಲು. ಅದು ಗಂಟಲಿಗೆ ಅಡ್ಡ ಬರುವುದು ಒಂದು ಕತೆ. ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆಯಲ್ಲಿ ಕರೆಂಟು ಹರಿದು ಎರಡೇ ಗಂಟೆಯಲ್ಲಿ ಒಳಗೆ ಸುಡಲು ಶುರುವಾಗುತ್ತದೆ. ರಿಮೋಟಿನ ಬೆನ್ನಿಗೆ ಸ್ಕ್ರೂ ಇಲ್ಲದಿದ್ದರೆ ಗಟ್ಟಿ ಟೇಪು ಸುತ್ತಿ, ಅಷ್ಟೇ.

ಕೂಸಿನ ಕಾಲಿನ ಗೆಜ್ಜೆ ನನ್ನ ಹೆಂಡತಿಯ ತವರಿನದು, ಕುಮಟಾದಿಂದ ಬಂದದ್ದು. ಮಗು ಎಲ್ಲಿದೆ ಅಂತ ಸದ್ದಿನಿಂದ ತಿಳಿಯಲಿ ಅಂತಲೇ ಹಿಂದಿನವರು ಗೆಜ್ಜೆ ಕಟ್ಟುತ್ತಿದ್ದರು, ಒಳ್ಳೆ ಉಪಾಯ. ಆದರೆ ಒಂದು ಕಾಳು ಸಡಿಲಾಗಿತ್ತು. ಎಳೆದರೆ ಕೈಗೇ ಬಂತು. ಪೈಪಿಗೆ ಹಾಕುವ ಅಗತ್ಯವೇ ಇರಲಿಲ್ಲ. ಬಿಚ್ಚಿಟ್ಟೆವು. ಕೊನೆಗೆ, ಬಂದ ಕಿಟ್ಟಿನ ಪ್ಲಗ್ಗಿನ ಮುಚ್ಚಳವನ್ನೂ ಪೈಪಿಗೆ ಹಾಕಿದೆ. ಆರಾಮವಾಗಿ ತೂರಿ ಆಚೆ ಬಂತು. ಸುರಕ್ಷತೆಗೆ ಅಂತ ದುಡ್ಡು ಕೊಟ್ಟು ತರಿಸಿದ ಸಾಮಾನು!

ಇನ್ನು ಕವಳದ ತಟ್ಟೆ. ಇಡೀ ಕೆಲಸದಲ್ಲಿ ಕಷ್ಟದ್ದು ಬಾವಿಯೂ ಅಲ್ಲ, ಕರೆಂಟೂ ಅಲ್ಲ, ಇದು. ಅಪ್ಪನ ತಟ್ಟೆಗೆ ಜಗುಲಿಯ ಕಂಬದ ಬುಡದಲ್ಲಿ ಐವತ್ತು ವರ್ಷದ ಜಾಗ ಇದೆ. ಎಲೆ, ಹೋಳು, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅಡಕತ್ತರಿ. ಒಂದೊಂದೂ ಕೂಸಿಗೆ ಅಪಾಯದ್ದೇ. ಹೋಳು ಗಂಟಲಿಗೆ. ಹೊಗೆಸೊಪ್ಪಿನ ಚೂರು ನುಂಗಿದರೆ ನಿಕೋಟಿನ್ ವಿಷ. ಸುಣ್ಣ ಕಣ್ಣಿಗೆ ತಾಗಿದರೆ ಕಣ್ಣೇ ಹೋಗಬಹುದು. ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಎಲೆಯ ನಾರು ತೆಗೆಯುತ್ತ ಹೇಳಿದ, "ನೀನೂ ಇದೇ ಮನೇಲೇ ಬೆಳದವ ಅಲ್ದ ತಮಾ? ಎಂತಾ ಆಯ್ದಿಲ್ಲೆ."

ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ಆದರೆ ಆಯಿ ಒಳಗಿನಿಂದ ಉತ್ತರ ಕೊಟ್ಟಳು. ನನಗೆ ಎರಡು ವರ್ಷವಿದ್ದಾಗ ಬಚ್ಚಲ ಹಂಡೆಯ ನೀರು ಮೈಮೇಲೆ ಚೆಲ್ಲಿಕೊಂಡದ್ದು, ಎಡ ಭುಜದ ಕಲೆ. ಅದು ಹುಟ್ಟಿನಿಂದ ಇದ್ದ ಮಚ್ಚೆ ಅಂತಲೇ ನಾನು ಈವರೆಗೆ ನಂಬಿದ್ದೆ. ಅಪ್ಪ ಆಮೇಲೆ ಮಾತಾಡಲಿಲ್ಲ. ಆದರೆ ತಟ್ಟೆ ಅಲ್ಲೇ ಇತ್ತು.

ಉಪಾಯ ಹೊಳೆದದ್ದು ಮೆತ್ತಿನ (ಅಟ್ಟದ) ಮೇಲೆ. ಹಳೇ ಸಾಮಾನಿನ ನಡುವೆ ಒಂದು ನೆಲವು ಸಿಕ್ಕಿತು. ಬೆಕ್ಕಿಗೆ ಸಿಗದ ಹಾಗೆ ಹಾಲು ಮೊಸರಿನ ಪಾತ್ರೆ ತೂಗಿಡುತ್ತಿದ್ದ ಹಗ್ಗದ ತೂಗು. ಫ್ರಿಜ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಹಗ್ಗ ಹೊಸದು ಹಾಕಿ ಅದೇ ಕಂಬದ ಪಕ್ಕದ ಅಡ್ಡೆಗೆ ಕಟ್ಟಿದೆ. ಅಪ್ಪ ನಿಂತರೆ ಎದೆಮಟ್ಟ. ತಟ್ಟೆ ಅದರಲ್ಲಿ ಕೂತಿತು. ಜಾಗ ಬದಲಾಗಲಿಲ್ಲ, ಎತ್ತರ ಬದಲಾಯಿತು. ಅಪ್ಪನಿಗೆ ಬೇಸರ ಆದದ್ದು ಒಂದೇ, ಪ್ರತಿ ಕವಳಕ್ಕೂ ಏಳಬೇಕು. ಮಂಡಿನೋವಿನ ದಿನ ಕವಳವೇ ಬೇಡ ಅಂತ ಸುಮ್ನೆ ಕೂತಿರುತ್ತಿದ್ದ. ಆಯಿಗೆ ಇದರಿಂದ ಆದ ಸಂತೋಷ ಬರೆದು ಮುಗಿಯದು.

ಬಚ್ಚಲಿನ ವಿಷಯ ಬೇರೆ ತರಹದ್ದು. ಅಲ್ಲಿ ಬಿಸಿನೀರಿನ ಹಂಡೆ, ಅದರ ಒಲೆ, ತಣ್ಣೀರಿನ ಬಕೆಟ್, ಒಂದು ದೊಡ್ಡ ಬಾನಿ. ಒಂದೂವರೆ ವರ್ಷದ ಮಗುವಿನ ತಲೆ ಮೈಯ ಅಳತೆಗೆ ನೋಡಿದರೆ ಬಹಳ ಭಾರ. ಬಗ್ಗಿ ಬಕೆಟಿಗೆ ಇಣುಕಿದರೆ ಮುಗ್ಗರಿಸಿ ತಲೆಕೆಳಗಾಗುತ್ತದೆ, ಮತ್ತೆ ಮೇಲೆ ಬರಲು ಆಗುವುದಿಲ್ಲ. ಮೂಗು ಬಾಯಿ ಮುಳುಗುವಷ್ಟು ನೀರಿದ್ದರೆ ಸಾಕು, ಒಂದೆರಡು ಇಂಚು. ಇನ್ನೊಂದು, ಮುಳುಗುವ ಮಗು ಕೂಗುವುದಿಲ್ಲ. ಸದ್ದೇ ಇರುವುದಿಲ್ಲ.

ಬಳಸಿದ ಮೇಲೆ ಬಕೆಟ್ ಬೋರಲು ಹಾಕಬೇಕು ಅಂತ ನಿಯಮ ಮಾಡಿದೆ. ಬಾನಿಗೆ ಹಲಗೆ ಮುಚ್ಚಿದೆವು. ಮೀಯಿಸುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬೆರೆಸುವುದು. ನಮ್ಮಲ್ಲಿ ಉಲ್ಟಾ ರೂಢಿ ಇತ್ತು. ಹಂಡೆಯ ನೀರು ಕುದಿಯಬೇಕಂತಿಲ್ಲ, 60 ಡಿಗ್ರಿ ಇದ್ದರೂ ಎಳೇ ಚರ್ಮ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಹಿಡಿಯಬೇಕು. ಕೊಬ್ಬರಿ ಎಣ್ಣೆ, ತುಪ್ಪ, ಪೇಸ್ಟು ಯಾವುದೂ ಬೇಡ. ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಅಂತ ಒಂದು ಸಲ ಗಡಿಯಾರ ಹಿಡಿದು ನಿಂತು ನೋಡಿ. ಅಂಗಳದಲ್ಲಿ ಅಡಿಕೆ ಬೇಯಿಸುವ ದಿನಗಳಲ್ಲಂತೂ ಕೂಸನ್ನು ಅಂಗಳಕ್ಕೇ ಇಳಿಸಲಿಲ್ಲ.

ಎಲ್ಲಕ್ಕಿಂತ ಮುಖ್ಯ ಬಚ್ಚಲ ಬಾಗಿಲು ಮುಚ್ಚಿರಬೇಕು. ನೆತ್ತಿಮಟ್ಟದಲ್ಲಿ ಚಿಲಕ ಹಾಕಿಸಿದೆ. ಆದರೆ ಎರಡೂ ಕೈಯಲ್ಲಿ ಕೊಡ ಹಿಡಿದು ಬರುವ ಆಯಿ ಚಿಲಕ ಹಾಕುವುದು ಹೇಗೆ? ಎರಡು ವಾರ ನಾನು ಆಯಿಯ ಮೇಲೆ ರೇಗಿದೆ. ಮೂರನೇ ವಾರ ಬುದ್ಧಿ ಬಂತು, ರೇಗಬೇಕಾದ್ದು ಬಾಗಿಲ ಮೇಲೆ. ಬಾಗಿಲ ಮೇಲಿನ ಮೂಲೆಗೆ ಹಗ್ಗ ಕಟ್ಟಿ, ಚೌಕಟ್ಟಿನ ಮೇಲೆ ಒಂದು ಸಣ್ಣ ರಾಟೆ ಹೊಡೆದು, ಹಗ್ಗದ ಇನ್ನೊಂದು ತುದಿಗೆ ಮರಳು ತುಂಬಿದ ಬಾಟಲಿ ತೂಗಿಬಿಟ್ಟೆ. ನೂಕಿದರೆ ತೆರೆಯುತ್ತದೆ, ಬಿಟ್ಟರೆ ಬಾಟಲಿಯ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಸಿಕ್ಕಿಕೊಳ್ಳಲು ಮೇಲೊಂದು ಕೊಕ್ಕೆ. ಮೊದಲ ಬಾಟಲಿ ಅರ್ಧ ಲೀಟರಿನದು, ಸಾಲಲಿಲ್ಲ. ಒಂದು ಲೀಟರಿನದು ಹಾಕಿದರೆ ಬಾಗಿಲು ದಡಾರನೆ ಬಡಿಯಿತು, ಬೆರಳು ಸಿಕ್ಕಿದರೆ ಕತ್ತರಿಸಿ ಹೋಗುವ ಹಾಗೆ. ಮುಕ್ಕಾಲು ತುಂಬಿಸಿ, ಚೌಕಟ್ಟಿಗೆ ಹಳೇ ಚಪ್ಪಲಿಯ ರಬ್ಬರು ಹೊಡೆದ ಮೇಲೆ ಹದ ಬಂತು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕೂರದೆ ಹೋಯಿತು, ಬದಿಗೆ ಉಳಿ ಹಿಡಿದು ಕೆರೆದದ್ದಾಯಿತು. ಈಗಲೂ ರಾತ್ರಿ ಯಾರಾದರೂ ಬಚ್ಚಲಿಗೆ ಎದ್ದರೆ ಬಾಟಲಿ ಗೋಡೆಗೆ ಟಕ್ ಅನ್ನುತ್ತದೆ.

ಬಾವಿಗೆ ಕಟ್ಟೆ ಇತ್ತು, ಎರಡಡಿಯದು. ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಕಲ್ಲು ಹತ್ತಿದರೆ ಕಟ್ಟೆ ಅಲ್ಲಿಗೇ. ಶಿರಸಿಯ ಒಂದು ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಜಾಲರಿ ಮಾಡಿಸಿದೆವು. ಎರಡು ಹೋಳು. ಒಂದು ಕಾಯಂ, ಇನ್ನೊಂದು ಕೊಡಪಾನ ಇಳಿಸಲು ತೆರೆಯುವ ಹಾಗೆ ಕೀಲು ಇಟ್ಟು. ಅದಕ್ಕೆ ಬೀಗ. "ಬಾವಿಗೂ ಬೀಗವಾ, ನೀರು ಕದಿಯುವವರು ಯಾರು?" ಅಂತ ನೆರೆಮನೆಯವರು ನಕ್ಕರು. ನಕ್ಕವರು ಎರಡು ತಿಂಗಳು ಬಿಟ್ಟು ಅಳತೆ ಕೇಳಲು ಬಂದರು. ಒಗೆಯುವ ಕಲ್ಲನ್ನು ಜೆಸಿಬಿ ಬಂದ ದಿನ ದೂರ ಸರಿಸಿದೆವು.

ಮೆತ್ತಿನ ಮೆಟ್ಟಿಲು ನಮ್ಮದು ಏಣಿಯ ಹಾಗೆ ಕಡಿದು. ಜಗುಲಿಯಿಂದ ಅಂಗಳಕ್ಕೆ ಎರಡೂವರೆ ಅಡಿ. ಎರಡಕ್ಕೂ ತಡೆ ಬೇಕಿತ್ತು. ಈ ಹಂತದಲ್ಲಿ ಅಪ್ಪನಿಗೆ ಉಮೇದು ಬಂತು. ನೆಲವಿನ ಸಿಟ್ಟು ಇಳಿದಿರಬೇಕು. "ಆನು ದಣಪೆ ಮಾಡಿಕೊಡ್ತಿ" ಅಂದ. ತೋಟದ ಬಾಯಿಗೆ ದನ ಬಾರದಂತೆ ಹಾಕುತ್ತೇವಲ್ಲ, ಎರಡು ಕಂಬ, ಕಂಬದ ತೂತಿನಲ್ಲಿ ಅಡ್ಡಡ್ಡ ಗಳ. ಅದೇ ದಣಪೆಯ ಪುಟ್ಟ ರೂಪ, ಬಿದಿರಿನದು. ಎರಡು ದಿನ ಕೂತು ನುಣ್ಣಗೆ ಕೆತ್ತಿ ಮಾಡಿದ. ನೋಡಲು ಚಂದ ಇತ್ತು. ಬಂದವರೆಲ್ಲ ಫೋಟೋ ತೆಗೆದರು.

ಇಪ್ಪತ್ತು ದಿನ ಕಳೆಯಿತು. ಒಂದು ಸಂಜೆ ನೋಡಿದರೆ ಕೂಸು ಎರಡನೇ ಗಳದ ಮೇಲೆ ನಿಂತು ಮೂರನೆಯದಕ್ಕೆ ಕಾಲು ಎತ್ತುತ್ತಿದ್ದಾಳೆ. ಅಡ್ಡ ಗಳ ದನಕ್ಕೆ ತಡೆ, ಮಕ್ಕಳಿಗೆ ಏಣಿ. ಮೊದಲು ಎರಡೂವರೆ ಅಡಿಯಿಂದ ಬೀಳುತ್ತಿದ್ದವಳಿಗೆ ನಾವು ಐದಡಿಯ ಸೌಕರ್ಯ ಮಾಡಿಕೊಟ್ಟಿದ್ದೆವು.

ಅಪ್ಪ ದಣಪೆಯನ್ನು ತಾನೇ ಬಿಚ್ಚಿದ. ಬೇಜಾರು ಮಾಡಿಕೊಳ್ಳಲಿಲ್ಲ, ಅದು ನನಗೆ ಆಶ್ಚರ್ಯ. ಈ ಸಲ ಅಡಿಕೆ ಮರ ಸೀಳಿದ ದಬ್ಬೆ, ನೆಟ್ಟಗೆ ನಿಲ್ಲಿಸಿದ್ದು. ಕಾಲಿಡಲು ಅಡ್ಡಪಟ್ಟಿ ಎಲ್ಲೂ ಇಲ್ಲ, ಮೇಲೊಂದು ಕೆಳಗೊಂದು ಬಿಟ್ಟರೆ. ದಬ್ಬೆಗಳ ನಡುವೆ ಎಷ್ಟು ಜಾಗ ಅಂತ ಕೇಳಿದ. ಹತ್ತು ಸೆಂಟಿಮೀಟರ್ ಚೆಂಡು ತೂರಬಾರದು, ತೂರಿದರೆ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ ಅಂದೆ. ಅಪ್ಪ ಒಳಗೆ ಹೋಗಿ ಒಂದು ಸುಲಿದ ತೆಂಗಿನಕಾಯಿ ತಂದ. ಸಣ್ಣದು. ಪ್ರತಿ ಸಂದಿಗೂ ಅದನ್ನು ಒತ್ತಿ ಒತ್ತಿ ನೋಡಿಯೇ ಮೊಳೆ ಹೊಡೆದದ್ದು. ದಬ್ಬೆಯ ಸಿಬರು ಕೆಟ್ಟದ್ದು, ಉಗುರಿನ ಸಂದಿಗೆ ಹೋದರೆ ದೊಡ್ಡವರೂ ಅಳಬೇಕು. ಹತ್ತರಿ ಹೊಡೆದು, ಮರಳುಕಾಗದ ತಿಕ್ಕಿ, ಕೂಸಿನ ಕೈ ಎಟಕುವಷ್ಟು ಎತ್ತರದವರೆಗೆ ಹಳೇ ಪಂಚೆಯ ಬಟ್ಟೆ ಸುತ್ತಿದೆವು. ಅದು ಇವತ್ತಿಗೂ ನಿಂತಿದೆ.

ಈ ನಡುವೆ ಸೋದರತ್ತೆ ಕೂಸಿಗೆ ಅಂತ ಚಕ್ರದ ವಾಕರ್ ತಂದುಕೊಟ್ಟರು. ಹಾಡು ಬರುವಂಥದ್ದು. ಬೇಡ ಅನ್ನುವುದು ಹೇಗೆ? ವಾಕರಿನಲ್ಲಿ ಮಗು ಬೇಗ ನಡೆಯುವುದು ಕಲಿಯುತ್ತದೆ ಅನ್ನುವುದು ಸುಳ್ಳು. ಅದು ಕಲಿಯುವುದು ವೇಗ ಮಾತ್ರ. ಕೆನಡಾದಲ್ಲಿ 2004ರಿಂದ ವಾಕರ್ ಮಾರುವುದೇ ಕಾನೂನಿಗೆ ವಿರುದ್ಧ. ಅತ್ತೆಗೆ ಕೆನಡಾ ಕತೆ ಹೇಳಿ ಪ್ರಯೋಜನ ಇಲ್ಲ. "ನಮ್ಮ ಜಗುಲಿಗೆ ಇಳಿಜಾರು ಅತ್ತೆ, ಅಂಗಳಕ್ಕೇ ಹೋಗ್ತು" ಅಂದೆ. ಅದು ಅವರಿಗೆ ಕೂಡಲೇ ತಿಳಿಯಿತು. ಮೆತ್ತಿನಲ್ಲಿದ್ದ ಮೂರು ಗಾಲಿಯ ಮರದ ತಳ್ಳುಗಾಡಿ ಇಳಿಸಿದೆವು. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಕರೆಂಟಿನ ಕೆಲಸಕ್ಕೆ ಊರಿನ ಎಲೆಕ್ಟ್ರಿಷಿಯನ್ ಬಂದ. ಮನೆಯಲ್ಲಿ ಎಂಸಿಬಿ ಇದೆಯಲ್ಲ, ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು, ಅದು ಸಾಕಲ್ವಾ ಅಂತ ನಾನು ಅಂದುಕೊಂಡಿದ್ದೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಆರ್‌ಸಿಸಿಬಿ ಅಂತ ಇನ್ನೊಂದು ಇದೆ. ಅದು ಸೊಸೈಟಿಯ ಗುಮಾಸ್ತನ ಹಾಗೆ. ಹೋದ ಕರೆಂಟು ಎಷ್ಟು, ವಾಪಸು ಬಂದದ್ದು ಎಷ್ಟು ಅಂತ ತಾಳೆ ನೋಡುತ್ತಲೇ ಇರುತ್ತದೆ. 30 ಮಿಲಿಆಂಪಿಯರ್ ಲೆಕ್ಕ ತಪ್ಪಿತೋ, ಅದು ಯಾರದೋ ಮೈಯಿಂದ ನೆಲಕ್ಕೆ ಹೋಗುತ್ತಿರಬಹುದು ಅಂತ ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಲೈನು ಕಡಿಯುತ್ತದೆ. ಹಾಕಿಸಿದೆವು. ಹಾಕಿದ ದಿನದಿಂದ ಮನೆಯಲ್ಲಿ ಕರೆಂಟು ನೆಟ್ಟಗೆ ಇದ್ದದ್ದೇ ಇಲ್ಲ, ಗಂಟೆಗೊಮ್ಮೆ ಟ್ರಿಪ್ಪು. "ತೆಗೆಸಿಬಿಡಿ ಇದನ್ನು, ಧಾರಾವಾಹಿ ಅರ್ಧಕ್ಕೇ ಹೋಗುತ್ತದೆ" ಅಂತ ಆಯಿಯ ದೂರು. ಒಂದೊಂದೇ ಲೈನು ಬಿಚ್ಚಿ ನೋಡಿದಾಗ ಕಳ್ಳ ಸಿಕ್ಕಿದ. ದೋಸೆ ಹಿಟ್ಟು ರುಬ್ಬುವ ಹಳೇ ಗ್ರೈಂಡರ್. ಅದನ್ನು ಮುಟ್ಟಿದರೆ ಕೈ ಜುಂ ಅನ್ನುತ್ತದೆ ಅಂತ ಆಯಿ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು. ಬರಿಗಾಲಲ್ಲಿ ನಿಲ್ಲಬೇಡ ಅಂತ ನಾವು ಹೇಳುತ್ತಿದ್ದೆವು. ನೆಲಮಟ್ಟದ ಪ್ಲಗ್ಗುಗಳನ್ನು ತೆಗೆಸಿ, ಒಳಗೆ ಪರದೆ ಇರುವ ಹೊಸ ಸಾಕೆಟ್ ಮೇಲೆ ಹಾಕಿಸಿದೆವು. ಗಾಡ್ರೇಜಿನಂಥ ಕಬ್ಬಿಣದ ಕಪಾಟನ್ನೂ ಅವನ ಡ್ರಿಲ್ಲಿನಿಂದಲೇ ಗೋಡೆಗೆ ಬಿಗಿದೆವು.

ವಿಷದ ಸಾಮಾನುಗಳದ್ದು ಒಂದು ಭಾನುವಾರದ ಕೆಲಸ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋದ ಮೈಲುತುತ್ತು ಅರ್ಧ ಚೀಲ ಮೂಲೆಯಲ್ಲಿತ್ತು. ನೀಲಿ ಬಣ್ಣ, ಹರಳು ಹರಳು, ಯಾವ ಮಗುವಿಗೆ ಬೇಡ? ಕಳೆ ಕೊಚ್ಚುವ ಯಂತ್ರದ ಪೆಟ್ರೋಲು ತಂಪು ಪಾನೀಯದ ಬಾಟಲಿಯಲ್ಲಿತ್ತು, ಲೇಬಲ್ಲು ಸಮೇತ. ಇದನ್ನು ಮಾಡಿದವ ನಾನೇ. ಸೀಮೆಎಣ್ಣೆ, ಪೆಟ್ರೋಲು ಮಗು ಕುಡಿದರೆ ವಾಂತಿ ಮಾಡಿಸಬಾರದು. ಉಪ್ಪುನೀರು ಕುಡಿಸಿ ಕಕ್ಕಿಸುವುದು ನಮ್ಮ ಹಳ್ಳಿಯ ಮೊದಲ ಉಪಚಾರ. ಮೇಲೆ ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದದ್ದಕ್ಕಿಂತ ದೊಡ್ಡ ಅನಾಹುತ. ಎಲ್ಲವನ್ನೂ ಕೊಟ್ಟಿಗೆಯ ಮೇಲಿನ ಕೋಣೆಗೆ ಸಾಗಿಸಿ ಬೀಗ ಹಾಕಿದೆ. ಪೆಟ್ರೋಲಿಗೆ ಕ್ಯಾನ್ ತಂದೆ. ಬಟ್ಟೆ ಕಪಾಟಿನ ನುಸಿಗುಳಿಗೆ ಬಿಸಾಕಿ ಲಾವಂಚದ ಬೇರು ಇಟ್ಟೆವು. ಕರ್ಪೂರ ಮೇಲಿನ ಗೂಡಿಗೆ ಹೋಯಿತು. ಪೂಜೆಗೆ ಹೂವು ಕೊಡುತ್ತಿದ್ದ ಕಣಗಿಲೆ ಗಿಡ ಅಂಗಳದ ಅಂಚಿನಲ್ಲೇ ಇತ್ತು. ಎಲೆ, ಹೂವು, ಬೀಜ ಎಲ್ಲವೂ ಹೃದಯಕ್ಕೆ ವಿಷ. ಕಡಿಯಲು ಆಯಿ ಒಪ್ಪಲಿಲ್ಲ. ಬೇಲಿಯ ಆಚೆ ಇನ್ನೊಂದು ಗೆಲ್ಲು ನೆಟ್ಟು ಅದು ಚಿಗುರಿದ ಮೇಲೆ ಇದನ್ನು ತೆಗೆದೆವು, ಆರು ತಿಂಗಳು ಹಿಡಿಯಿತು.

ಅಡುಗೆಮನೆಯ ಗೋಡೆಯ ಮೇಲೆ ಇದ್ದಲಿನಲ್ಲಿ ಎರಡು ನಂಬರು ಬರೆದೆ. 108. ಇನ್ನೊಂದು ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ್ದು, 1800 116 117, ದಿನದ ಯಾವ ಹೊತ್ತಿಗೂ ದುಡ್ಡಿಲ್ಲದೆ ಕರೆ ಮಾಡಬಹುದು. ನಮ್ಮ ಮನೆಯಿಂದ ಶಿರಸಿಗೆ ಹದಿನೆಂಟು ಕಿಲೋಮೀಟರ್. ದೊಡ್ಡ ಆಸ್ಪತ್ರೆ ಬೇಕು ಅಂದರೆ ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ ನೂರು ಕಿಲೋಮೀಟರ್ ಆಸುಪಾಸು. ಉತ್ತರ ಕನ್ನಡದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯವರು ಹದಿನೈದು ನಿಮಿಷದಲ್ಲಿ ತಲುಪುವ ಜಾಗಕ್ಕೆ ನಮಗೆ ಅರ್ಧ ದಿನ ಬೇಕು.

ಇಷ್ಟೆಲ್ಲ ಆದರೂ ಆ ಮೊದಲನೇ ಪ್ರಶ್ನೆ ಉಳಿದಿತ್ತು. ನೋಡುವವರು ಯಾರು? ಇದಕ್ಕೆ ಮದ್ದು ನನ್ನ ಹೆಂಡತಿ ಕಂಡುಹಿಡಿದಳು, ಖರ್ಚಿಲ್ಲದ್ದು. ಕೂಸನ್ನು ಬಿಟ್ಟು ಏಳುವವರು ಇನ್ನೊಬ್ಬರ ಹೆಸರು ಹಿಡಿದು ಕರೆದು "ಕೂಸು ನಿಮ್ಮ ಹತ್ತಿರ" ಅನ್ನಬೇಕು. ಅವರು "ಹೂಂ, ನನ್ನ ಹತ್ತಿರ" ಅಂತ ಬಾಯಿಬಿಟ್ಟು ಹೇಳುವವರೆಗೆ ಏಳಬಾರದು. ತಲೆ ಆಡಿಸಿದರೆ ಲೆಕ್ಕಕ್ಕಿಲ್ಲ. ಮೊದಲು ನಾಚಿಕೆ ಆಯಿತು, ಮನೆಯವರ ನಡುವೆ ಇದೆಂಥ ಕಚೇರಿ ಕಾರಭಾರು ಅಂತ. ಸುಲಿಯಲು ಬಂದವರು ನಗುತ್ತಿದ್ದರು. ಮುಂದಿನ ಕೊಯ್ಲಿನ ಹೊತ್ತಿಗೆ ಅವರೂ ಹೇಳುತ್ತಿದ್ದರು, "ಕೂಸು ನನ್ನ ಹತ್ರ ಇದೆ, ನೀವು ಹೋಗಿ ಬನ್ನಿ."

2024ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ಕೂಸಿಗೆ ಆಗಲೇ ಎರಡು ವರ್ಷ. ಹುಬ್ಬಳ್ಳಿಯಿಂದ ಬಂದ ದೊಡ್ಡಮ್ಮ ಜಗುಲಿಯಲ್ಲಿ ಕೂತು ತನ್ನ ಕೈಚೀಲವನ್ನು ಪಕ್ಕದಲ್ಲಿ ನೆಲಕ್ಕೆ ಇಟ್ಟರು. ಬಾಯಿ ತೆರೆದ ಚೀಲ, ಮೇಲೆಯೇ ಸಕ್ಕರೆ ಕಾಯಿಲೆಯ ಗುಳಿಗೆಯ ಪಟ್ಟಿ ಕಾಣುತ್ತಿತ್ತು. ನಾನು ಒಳಗಿನಿಂದ ನೋಡಿದೆ. ನೆಂಟರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತ ಚಹಾ ತರಲು ಹೋದೆ.

ಬಂದು ನೋಡಿದರೆ ದೊಡ್ಡಮ್ಮ ಹುಡುಕುತ್ತಿದ್ದರು. "ನನ್ನ ಚೀಲ ಇಲ್ಲೇ ಇಟ್ಟಿದ್ದೆ. ಯಾರು ತೆಗೆದರೋ!" ಅಪ್ಪ ಕಂಬಕ್ಕೆ ಒರಗಿ ಪೇಪರ್ ಓದುತ್ತಿದ್ದ, ತಲೆ ಎತ್ತಲಿಲ್ಲ. ಕೂಸು ದೊಡ್ಡಮ್ಮನ ಸೆರಗು ಎಳೆದು ಬೆರಳು ಮೇಲೆ ಮಾಡಿ ತೋರಿಸಿದಳು. ನೆಲವಿನಲ್ಲಿ, ಕವಳದ ತಟ್ಟೆಯ ಮೇಲೆ, ಕೈಚೀಲ ತೂಗುತ್ತಿತ್ತು.